ಗುಳೆ ಹೋದ ಬ್ಯಾಟು: ಕರುಣ್ ನಾಯರ್ ಕೆರಿಯರ್ ಮತ್ತು ನಮ್ಮ ರಿಲಯಬಿಲಿಟಿ ಪಾಠ

ಬಳ್ಳಾರಿ ಸೀಮೆಯವರಿಗೆ 'ಗುಳೆ' ಅನ್ನೋ ಪದವನ್ನ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ, ಊರಲ್ಲಿ ಕೂಲಿ ಸಿಗದ ತಿಂಗಳು, ಗಂಟುಮೂಟೆ ಕಟ್ಟಿಕೊಂಡು ಕೆಲಸ ಇರೋ ಊರಿಗೆ ಹೋಗೋದು. ಹೋಗೋರಿಗೆ ಕಸುಬು ಗೊತ್ತಿರುತ್ತೆ, ಊರಲ್ಲಿ ಆ ಕಸುಬಿಗೆ ಜಾಗ ಇರೋದಿಲ್ಲ, ಅಷ್ಟೇ.

ಕ್ರಿಕೆಟ್‌ನಲ್ಲೂ ಇಂಥದ್ದೊಂದು ಗುಳೆ ಇದೆ. ಐಪಿಎಲ್‌ನಲ್ಲಿ ಕೋಟಿ ರೂಪಾಯಿ ನೋಡಿದವರನ್ನ ಗಾರೆ ಕೆಲಸಕ್ಕೆ ಹೋದವರ ಜೊತೆ ಹೋಲಿಸೋದು ಸರಿಯಾ ಅಂತ ಕೇಳಬಹುದು. ಹೊಟ್ಟೆಪಾಡಿನ ಲೆಕ್ಕದಲ್ಲಿ ಖಂಡಿತಾ ಸರಿಯಲ್ಲ. ಇಲ್ಲಿ ಹೋಲಿಸ್ತಿರೋದು ಒಂದನ್ನೇ: ಕಸುಬು ಇದ್ದೂ ಊರಲ್ಲಿ ಜಾಗ ಇಲ್ಲದಾಗ ಮನುಷ್ಯ ಏನು ಮಾಡ್ತಾನೆ ಅನ್ನೋದನ್ನ. ಅದನ್ನ ನೋಡೋಕೆ ಕರುಣ್ ನಾಯರ್ ಅವರ ಕೆರಿಯರ್‌ಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ. ಜೊತೆಗೆ ಅವರ ಸ್ಕೋರುಗಳನ್ನ ಇಟ್ಟುಕೊಂಡು ನಮ್ಮ ಸಿಲಬಸ್‌ನ ಒಂದು ಪಾಠವನ್ನೂ ಕಲಿಯಬಹುದು. ಕೈಯಲ್ಲಿ ಕ್ಯಾಲ್ಕುಲೇಟರ್ ಇರಲಿ.

ಊರೂರು ಸುತ್ತೋ ಆಟಗಾರ ಅಂದ್ರೆ ಯಾರು?

ಕುರುಗೋಡು, ಸಿರುಗುಪ್ಪ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ಆಡಿದವರಿಗೆ 'ಹೊರಗಿನ ಪ್ಲೇಯರ್' ಅಂದ್ರೆ ಗೊತ್ತು. ನಮ್ಮ ಟೀಮಲ್ಲಿ ಒಬ್ಬ ಓಪನರ್ ಕಮ್ಮಿ ಇದ್ದಾನೆ, ಪಕ್ಕದ ಊರಲ್ಲಿ ಒಬ್ಬ ಚೆನ್ನಾಗಿ ಹೊಡಿತಾನೆ, ಕರೆಸ್ರಿ. ಅವನ ಮೇಲೆ ನಿರೀಕ್ಷೆ ಜಾಸ್ತಿ, ತಾಳ್ಮೆ ಕಮ್ಮಿ. ಎರಡು ಮ್ಯಾಚಲ್ಲಿ ಹೊಡೀಲಿಲ್ಲ ಅಂದ್ರೆ ಮೂರನೇದಕ್ಕೆ ಫೋನ್ ಬರಲ್ಲ.

ಇದೇ ವ್ಯವಸ್ಥೆ ದೊಡ್ಡ ಮಟ್ಟದಲ್ಲೂ ಇದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೀಗೆ ತಂಡದಿಂದ ತಂಡಕ್ಕೆ ಹೋಗೋರನ್ನ 'ಜರ್ನಿಮನ್' ಅಂತಾರೆ. ಮೊದಲು ಅದು ಕುಶಲಕರ್ಮಿಗಳ ಪದ. ಕಸುಬು ಪೂರ್ತಿ ಕಲಿತಿದ್ದಾನೆ, ಆದರೆ ಸ್ವಂತ ಅಂಗಡಿ ಇಲ್ಲ, ದಿನಗೂಲಿಗೆ ಇನ್ನೊಬ್ಬರ ಹತ್ತಿರ ದುಡೀತಾನೆ ಅಂತ ಅರ್ಥ. ಕೆನಡಾದ ಔಟ್‌ಫೀಲ್ಡರ್ ಮ್ಯಾಟ್ ಸ್ಟೇರ್ಸ್ 1992ರಿಂದ 2011ರವರೆಗೆ ಮೇಜರ್ ಲೀಗ್‌ನಲ್ಲಿ 12 ಫ್ರಾಂಚೈಸಿಗಳಿಗೆ ಆಡಿ 265 ಹೋಂ ರನ್ ಹೊಡೆದರು. ಅದರಲ್ಲಿ 23 ಹೋಂ ರನ್ ಬೇರೆ ಆಟಗಾರನ ಬದಲಿಗೆ ಒಂದೇ ಒಂದು ಸಲ ಬ್ಯಾಟ್ ಹಿಡಿಯೋಕೆ ಇಳಿದಾಗ ಬಂದವು. ಅದು ಮೇಜರ್ ಲೀಗ್ ದಾಖಲೆ.

ನಮ್ಮಲ್ಲಿ ದೇಶಿ ಕ್ರಿಕೆಟ್ ರಾಜ್ಯ ಸಂಸ್ಥೆಗಳ ಮೇಲೆ ನಿಂತಿದೆ. ಸಿರುಗುಪ್ಪದ ಹುಡುಗ ಕರ್ನಾಟಕದ ಸಂಸ್ಥೆಯ ಕೆಳಗೆ ಬರ್ತಾನೆ, ಗಡಿ ದಾಟಿದ ಆದೋನಿಯ ಹುಡುಗ ಆಂಧ್ರದ ಕೆಳಗೆ. ಬೇರೆ ರಾಜ್ಯಕ್ಕೆ ಆಡಬೇಕು ಅಂದ್ರೆ ತನ್ನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ, ಅಂದ್ರೆ ಎನ್‌ಒಸಿ ತಗೊಂಡು ಹೋಗಬೇಕು.

ಕರ್ನಾಟಕದಿಂದ ಹಾಗೆ ಹೋದವರು ಕಮ್ಮಿ ಏನಿಲ್ಲ. ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್ ವಿದರ್ಭಕ್ಕೆ ಹೋಗಿ 2017-18 ಮತ್ತು 2018-19ರಲ್ಲಿ ಸತತ ಎರಡು ರಣಜಿ ಗೆದ್ದ ತಂಡದಲ್ಲಿದ್ದರು. ಅದೇ ದಾವಣಗೆರೆಯ ಆರ್. ವಿನಯ್ ಕುಮಾರ್ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ಕ್ಯಾಪ್ಟನ್. ಕೊನೆಯಲ್ಲಿ ಪುದುಚೇರಿಗೆ ಆಡಿದರು. ರಾಬಿನ್ ಉತ್ತಪ್ಪ ಸೌರಾಷ್ಟ್ರಕ್ಕೂ ಕೇರಳಕ್ಕೂ ಹೋದರು.

ಮೇಲೆ ಹತ್ತಿದ ದಾರಿ

ಕರುಣ್ ನಾಯರ್ ಹುಟ್ಟಿದ್ದು 1991ರ ಡಿಸೆಂಬರ್ 6ರಂದು ಜೋಧಪುರದಲ್ಲಿ. ಆಟ ಕಲಿತು ಬೆಳೆದಿದ್ದು ಬೆಂಗಳೂರಲ್ಲಿ. 2013-14ರ ಮೊದಲ ರಣಜಿ ಋತುವಿನಲ್ಲೇ 3 ಶತಕ ಹೊಡೆದರು. ಆ ವರ್ಷ ಕರ್ನಾಟಕ ಚಾಂಪಿಯನ್.

ಮುಂದಿನ ವರ್ಷವೂ ಕರ್ನಾಟಕವೇ ಫೈನಲ್‌ನಲ್ಲಿ. 2015ರ ಮಾರ್ಚ್, ಮುಂಬಯಿಯ ವಾಂಖೆಡೆ, ಎದುರಾಳಿ ತಮಿಳುನಾಡು. ಕರ್ನಾಟಕ 84ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಕರುಣ್ 328 ಹೊಡೆದರು. ರಣಜಿ ಫೈನಲ್‌ನಲ್ಲಿ ಅಷ್ಟು ದೊಡ್ಡ ಸ್ಕೋರ್ ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ.

2016ರ ನವೆಂಬರ್‌ನಲ್ಲಿ ಮೊಹಾಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್. ಡಿಸೆಂಬರ್ 19ರಂದು ಚೆನ್ನೈಯಲ್ಲಿ, ಮೂರನೇ ಟೆಸ್ಟ್‌ನಲ್ಲೇ, ಅಜೇಯ 303. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಭಾರತಕ್ಕೆ ಟೆಸ್ಟ್ ತ್ರಿಶತಕ ಹೊಡೆದವರು ಇವರೊಬ್ಬರೇ. ತನ್ನ ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕ ಮಾಡಿದವರು ಅವರಿಗಿಂತ ಮುಂಚೆ ಇಬ್ಬರೇ: ಗ್ಯಾರಿ ಸೋಬರ್ಸ್ ಮತ್ತು ಬಾಬ್ ಸಿಂಪ್ಸನ್.

ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ. ಗಾಯದಿಂದ ಸುಧಾರಿಸಿಕೊಂಡ ಅಜಿಂಕ್ಯ ರಹಾನೆ ವಾಪಸ್ ಬಂದರು. ಕರುಣ್‌ಗೆ ಹನ್ನೊಂದರಲ್ಲಿ ಜಾಗ ಸಿಗಲಿಲ್ಲ. ತ್ರಿಶತಕ ಹೊಡೆದ ಮುಂದಿನ ಮ್ಯಾಚಿಗೇ ಹೊರಗೆ.

ಎರಡು ಸರಾಸರಿ, ಒಬ್ಬನೇ ಮನುಷ್ಯ

ಆಮೇಲೆ ಆಸ್ಟ್ರೇಲಿಯಾ ವಿರುದ್ಧ 3 ಟೆಸ್ಟ್ ಸಿಕ್ಕಿತು. ಅಲ್ಲಿಯವರೆಗಿನ ಅವರ 7 ಟೆಸ್ಟ್ ಇನಿಂಗ್ಸ್ ಹೀಗಿವೆ:

4, 13, 303*, 26, 0, 23, 5

ನಕ್ಷತ್ರ ಹಾಕಿರೋದು ಔಟಾಗದ ಇನಿಂಗ್ಸ್‌ಗೆ. ಒಟ್ಟು 374 ರನ್, 6 ಸಲ ಔಟ್. ಸರಾಸರಿ 374 ಭಾಗಿಸು 6, ಅಂದ್ರೆ 62.33. ಇದು ಶ್ರೇಷ್ಠರ ಸಾಲಿನ ಸರಾಸರಿ. ಈಗ ಆ 303 ತೆಗೆದುಬಿಡಿ. ಉಳಿಯೋದು 71 ರನ್, 6 ಔಟ್, ಸರಾಸರಿ 11.83. ಇದು ಬೌಲರ್‌ಗಳ ಸರಾಸರಿ.

ಯಾವುದು ನಿಜ? ಆಯ್ಕೆಗಾರರು ಎರಡನೇದನ್ನ ನೋಡಿದರು ಅನಿಸುತ್ತೆ, ಅಭಿಮಾನಿಗಳು ಮೊದಲನೇದನ್ನ. ಇಬ್ಬರ ಹತ್ತಿರ ಇದ್ದದ್ದೂ ಒಂದೇ ಡೇಟಾ. ಇಲ್ಲಿಗೆ ನಮ್ಮ ಪಾಠ ಶುರು.

ಬ್ಯಾಟಿಂಗ್ ಸರಾಸರಿ ಅಂದ್ರೆ ಎಂಟಿಬಿಎಫ್

ಸಿರುಗುಪ್ಪದ ಒಂದು ರೈಸ್ ಮಿಲ್ ಅಂದುಕೊಳ್ರಿ. ಒಂದೇ ತರಹದ 8 ಬೇರಿಂಗ್ ಹಾಕಿದ್ದಾರೆ. ಸುಗ್ಗಿ ಮುಗಿಯೋ ಹೊತ್ತಿಗೆ 2 ಬೇರಿಂಗ್ ಹೋಗಿವೆ, ಉಳಿದ 6 ಇನ್ನೂ ಓಡ್ತಾ ಇವೆ. ಬೇರಿಂಗ್‌ನ ಸರಾಸರಿ ಆಯುಸ್ಸು ಎಷ್ಟು?

ಕೆಟ್ಟ ಎರಡರ ಸರಾಸರಿ ಮಾತ್ರ ತೆಗೆದರೆ ತಪ್ಪು, ಗಟ್ಟಿ ಬೇರಿಂಗ್‌ಗಳನ್ನ ಲೆಕ್ಕದಿಂದಲೇ ಬಿಟ್ಟ ಹಾಗಾಯ್ತು. ಒಟ್ಟು ಗಂಟೆಗಳನ್ನ 8ರಿಂದ ಭಾಗಿಸಿದರೂ ತಪ್ಪು, ಓಡ್ತಾ ಇರೋವು ಇವತ್ತೇ ಕೆಟ್ಟವು ಅಂತ ಹೇಳಿದ ಹಾಗಾಯ್ತು. ಓಡ್ತಾ ಇರೋ ಬೇರಿಂಗ್‌ನ ಡೇಟಾವನ್ನ ರಿಲಯಬಿಲಿಟಿ ಪಾಠದಲ್ಲಿ 'ಸೆನ್ಸರ್ಡ್ ಡೇಟಾ' ಅಂತಾರೆ. ಕೆಡೋ ದರ ಬದಲಾಗದೆ ಒಂದೇ ಸಮ ಇದೆ ಅಂತ ಒಪ್ಪಿಕೊಂಡರೆ ಸರಿಯಾದ ಅಂದಾಜು ಇದು:

ಸರಾಸರಿ ಆಯುಸ್ಸು = ಎಲ್ಲಾ ಬೇರಿಂಗ್‌ಗಳು ಓಡಿದ ಒಟ್ಟು ಗಂಟೆ ÷ ಕೆಟ್ಟವುಗಳ ಸಂಖ್ಯೆ

ಈಗ ಬೇರಿಂಗ್ ಜಾಗದಲ್ಲಿ ಇನಿಂಗ್ಸ್, ಗಂಟೆ ಜಾಗದಲ್ಲಿ ರನ್, ಕೆಡೋದರ ಜಾಗದಲ್ಲಿ ಔಟ್ ಬರೀರಿ. ಒಟ್ಟು ರನ್ ಭಾಗಿಸು ಔಟಾದ ಸಲ. ಬ್ಯಾಟಿಂಗ್ ಸರಾಸರಿಯ ಸೂತ್ರ ಅದೇ! ನಾಟೌಟ್ ಇನಿಂಗ್ಸ್‌ನ ರನ್ ಮೇಲೆ ಸೇರುತ್ತೆ, ಇನಿಂಗ್ಸ್ ಕೆಳಗೆ ಸೇರಲ್ಲ. ಔಟಾದವರು ಪೆವಿಲಿಯನ್‌ಗೆ ಹೋಗಿ ಮುಂದಿನ ಇನಿಂಗ್ಸ್‌ಗೆ ರಿಪೇರಿಯಾಗಿ ಬರ್ತಾರೆ. ಹಾಗಾಗಿ ಇದನ್ನ ಎಂಟಿಬಿಎಫ್ ಅಂತಲೇ ಕರೀಬಹುದು, ಅಂದ್ರೆ ಮೀನ್ ಟೈಮ್ ಬಿಟ್ವೀನ್ ಫೇಲ್ಯೂರ್ಸ್. 'ನಾಟೌಟ್ ಜಾಸ್ತಿ, ಅದಕ್ಕೇ ಸರಾಸರಿ ಜಾಸ್ತಿ' ಅಂತ ಮೂಗು ಮುರಿಯೋರಿಗೆ ಇದನ್ನ ಹೇಳಬಹುದು.

ಆದರೆ ಅಂದಾಜು ಬಂದರೆ ಸಾಲದು, ಅದನ್ನ ಎಷ್ಟು ನಂಬಬಹುದು ಅನ್ನೋದೂ ಬೇಕು. ಇಲ್ಲಿ ಮುಖ್ಯವಾದದ್ದು ಔಟ್‌ಗಳ ಸಂಖ್ಯೆ, ರನ್‌ಗಳ ಸಂಖ್ಯೆ ಅಲ್ಲ. ಕೈ-ಸ್ಕ್ವೇರ್ ಟೇಬಲ್ ತೆಗೆದು 95 ಶೇಕಡಾ ನಂಬಿಕೆಯ ಮಿತಿ ಹಾಕೋಣ. ಔಟ್‌ಗಳ ಸಂಖ್ಯೆ r ಅಂದುಕೊಂಡರೆ:

ಕೆಳಮಿತಿ = 2 × ಒಟ್ಟು ರನ್ ÷ ಕೈ-ಸ್ಕ್ವೇರ್ ಮೇಲಿನ ಬೆಲೆ, ಡಿಗ್ರೀಸ್ ಆಫ್ ಫ್ರೀಡಂ 2r + 2

ಮೇಲ್ಮಿತಿ = 2 × ಒಟ್ಟು ರನ್ ÷ ಕೈ-ಸ್ಕ್ವೇರ್ ಕೆಳಗಿನ ಬೆಲೆ, ಡಿಗ್ರೀಸ್ ಆಫ್ ಫ್ರೀಡಂ 2r

ಕರುಣ್‌ಗೆ r = 6, ಒಟ್ಟು ರನ್ 374. ಕೆಳಮಿತಿ 748 ಭಾಗಿಸು 26.12, ಸುಮಾರು 29. ಮೇಲ್ಮಿತಿ 748 ಭಾಗಿಸು 4.404, ಸುಮಾರು 170. ಅಂದ್ರೆ 2017ರಲ್ಲಿ ಆ 7 ಇನಿಂಗ್ಸ್ ನೋಡಿ ಹೇಳಬಹುದಾಗಿದ್ದು ಇಷ್ಟೇ: ಈ ಬ್ಯಾಟರ್‌ನ ನಿಜವಾದ ಸರಾಸರಿ 29ರಿಂದ 170ರ ನಡುವೆ ಎಲ್ಲೋ ಇದೆ. 29 ಅಂದ್ರೆ ತಂಡದಿಂದ ಬಿಡಬಹುದಾದವರು, 170 ಅಂದ್ರೆ ಭೂಮಿ ಮೇಲೆ ಯಾರೂ ಇಲ್ಲ. 6 ಔಟ್‌ಗಳಿಂದ ಅದಕ್ಕಿಂತ ಹೆಚ್ಚು ಗೊತ್ತಾಗಲ್ಲ. 62.33 ಅಂತ ಎರಡು ದಶಾಂಶದವರೆಗೆ ಬರೆಯೋದು ಕ್ಯಾಲ್ಕುಲೇಟರ್‌ನ ಅಭ್ಯಾಸ, ಅಷ್ಟು ನಿಖರತೆ ಡೇಟಾದಲ್ಲಿ ಇರಲಿಲ್ಲ.

ಇನ್ನೊಂದು ಲೆಕ್ಕ. ನಿಜವಾದ ಸರಾಸರಿ 40 ಇರೋ ಒಳ್ಳೆ ಬ್ಯಾಟರ್ ಸತತ 4 ಸಲ 26 ಅಥವಾ ಅದಕ್ಕಿಂತ ಕಮ್ಮಿಗೆ ಔಟಾಗೋ ಸಂಭವನೀಯತೆ ಎಷ್ಟು? ಎಕ್ಸ್‌ಪೊನೆನ್ಶಿಯಲ್ ಮಾದರಿಯಲ್ಲಿ ಒಂದು ಇನಿಂಗ್ಸ್‌ಗೆ ಸುಮಾರು 0.48. ನಾಲ್ಕಕ್ಕೆ ಸುಮಾರು 0.05. 20 ಒಳ್ಳೆ ಬ್ಯಾಟರ್‌ಗಳನ್ನ 4 ಇನಿಂಗ್ಸ್ ಆಡಿಸಿದರೆ ಬರೀ ಅದೃಷ್ಟ ಕೆಟ್ಟು ಒಬ್ಬರಿಗೆ ಹೀಗಾಗುತ್ತೆ. 26, 0, 23, 5 ಆದವರು ಕೆಟ್ಟ ಬ್ಯಾಟರ್ ಅಂತ ಹೇಳೋಕೆ ಇಷ್ಟು ಸಾಲದು.

ಇದರರ್ಥ ಆಯ್ಕೆಗಾರರು ಮೂರ್ಖರು ಅಂತಲ್ಲ. ಹನ್ನೊಂದೇ ಜಾಗ, ಹೊರಗೆ ದೊಡ್ಡ ಸಾಲು. ಅವರು ಅಂಕಿಗಳ ಜೊತೆ ಕಾಲು, ಕೈ, ತಾಂತ್ರಿಕತೆ ಎಲ್ಲಾ ನೋಡ್ತಾರೆ. ಆದರೂ ತೀರ್ಪು ಬಂದಿದ್ದು ಸಣ್ಣ ಸ್ಯಾಂಪಲ್ ಮೇಲೆ.

ಬೆಂಚ್ ಮೇಲೆ ಡೇಟಾ ಹುಟ್ಟಲ್ಲ

2018ರಲ್ಲಿ ಇಂಗ್ಲೆಂಡ್ ಪ್ರವಾಸಕ್ಕೆ ಕರುಣ್ ತಂಡದಲ್ಲಿದ್ದರು. ಒಂದೂ ಟೆಸ್ಟ್ ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಓವಲ್‌ನಲ್ಲಿ ಕೊನೆಯ ಟೆಸ್ಟ್. ಸರಣಿಯ ಮಧ್ಯದಲ್ಲಿ ತಂಡ ಸೇರಿದ್ದ ಹನುಮ ವಿಹಾರಿಗೆ ಅಲ್ಲಿ ಚೊಚ್ಚಲ ಟೆಸ್ಟ್ ಸಿಕ್ಕಿತು. ಮೊದಲಿಂದ ಇದ್ದ ಕರುಣ್ ಹೊರಗೇ ಕೂತರು.

ರಿಲಯಬಿಲಿಟಿ ಭಾಷೆಯಲ್ಲಿ ಹೇಳಬೇಕಂದ್ರೆ ಟೆಸ್ಟ್ ರಿಗ್‌ಗೇ ಹಾಕದ ಬೇರಿಂಗ್. ಒಟ್ಟು ಗಂಟೆ ಸೊನ್ನೆ, ಫೇಲ್ಯೂರ್ ಸೊನ್ನೆ, ಅಂದಾಜೂ ಸೊನ್ನೆ. ಒಬ್ಬ ಒಳ್ಳೆಯವನಾ ಕೆಟ್ಟವನಾ ಅನ್ನೋ ಪ್ರಶ್ನೆಗೆ ಬೆಂಚ್ ಉತ್ತರ ಕೊಡಲ್ಲ.

ಐಪಿಎಲ್ ಕಡೆ ನೋಡಿದರೆ ಸುತ್ತಾಟವೇ ಸುತ್ತಾಟ. ಆರ್‌ಸಿಬಿಯಿಂದ ರಾಜಸ್ಥಾನ, ಅಲ್ಲಿಂದ ಡೆಲ್ಲಿ, ಪಂಜಾಬ್, ಕೋಲ್ಕತ್ತಾ, ಮತ್ತೆ ರಾಜಸ್ಥಾನ, ಗಾಯಗೊಂಡ ಕೆ.ಎಲ್. ರಾಹುಲ್ ಜಾಗಕ್ಕೆ ಲಖನೌ, ಆಮೇಲೆ ಮತ್ತೆ ಡೆಲ್ಲಿ. 2018ರ ಹರಾಜಿನಲ್ಲಿ ಪಂಜಾಬ್ 5.6 ಕೋಟಿ ಕೊಟ್ಟಿತ್ತು. 2024ರ ಋತುವಿಗೆ ಯಾರೂ ಕೊಳ್ಳಲಿಲ್ಲ. 2025ಕ್ಕೆ ಡೆಲ್ಲಿ ಕೊಟ್ಟಿದ್ದು 50 ಲಕ್ಷ.

ಎಲ್ಲಕ್ಕಿಂತ ದೊಡ್ಡ ಪೆಟ್ಟು 2022ರಲ್ಲಿ. ಕರ್ನಾಟಕ ತಂಡದಲ್ಲೇ ಜಾಗ ಹೋಯ್ತು. ಆ ಡಿಸೆಂಬರ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಕ್ರಿಕೆಟ್‌ಗೇ ಇನ್ನೊಂದು ಅವಕಾಶ ಕೊಡು ಅಂತ ಬೇಡಿಕೊಂಡರು. ತ್ರಿಶತಕದ ಆಟಗಾರ, ವಯಸ್ಸು 31, ಆಡೋಕೆ ತಂಡ ಇಲ್ಲ.

ಬಾತ್‌ಟಬ್‌ನ ಎಡಗಡೆ

ಮೇಲಿನ ಲೆಕ್ಕದಲ್ಲಿ ಕೆಡೋ ದರ ಒಂದೇ ಸಮ ಇರುತ್ತೆ ಅಂತ ಒಪ್ಪಿಕೊಂಡಿದ್ವಿ. ನಿಜದಲ್ಲಿ ಹಾಗಿರಲ್ಲ. ಮೆಷಿನ್ ಡಿಸೈನ್ ಓದಿದವರಿಗೆ ಬಾತ್‌ಟಬ್ ಕರ್ವ್ ನೆನಪಿರಬೇಕು. ಹೊಸ ಯಂತ್ರ ಮೊದಲ ದಿನಗಳಲ್ಲಿ ಜಾಸ್ತಿ ಕೆಡುತ್ತೆ, ಆಮೇಲೆ ಬಹಳ ಕಾಲ ಸಮಾಧಾನವಾಗಿ ಓಡುತ್ತೆ, ಕೊನೆಗೆ ಸವೆದು ಮತ್ತೆ ಕೆಡೋಕೆ ಶುರು ಮಾಡುತ್ತೆ. ಬ್ಯಾಟರ್‌ಗೂ ಅಷ್ಟೇ. ಮೊದಲ 20 ಎಸೆತ ಗಂಡಾಂತರ. ಪಿಚ್ ಎಷ್ಟು ಪುಟಿಯುತ್ತೆ, ಚೆಂಡು ಎಷ್ಟು ತಿರುಗುತ್ತೆ ಅನ್ನೋದು ಕಣ್ಣಿಗೆ ಒಗ್ಗಿದ ಮೇಲೆ ಔಟ್ ಮಾಡೋದು ಕಷ್ಟ.

ಊರೂರು ಸುತ್ತೋ ಆಟಗಾರನ ಕಷ್ಟ ಇಲ್ಲಿದೆ ನೋಡ್ರಿ. ಒಂದೇ ತಂಡದಲ್ಲಿ ಹತ್ತು ವರ್ಷ ಇರೋರು ಆ ಕರ್ವ್‌ನ ಎಡಭಾಗವನ್ನ ಒಂದು ಸಲ ದಾಟ್ತಾರೆ. ಸುತ್ತೋನು ಪ್ರತಿ ಸಲ ಅಲ್ಲಿಂದಲೇ ಶುರು ಮಾಡಬೇಕು. ಹೊಸ ಕ್ಯಾಪ್ಟನ್, ಹೊಸ ಕ್ರಮಾಂಕ, ಹೊಸ ಊಟ, ಹೊಸ ಭಾಷೆ. ಎರಡು ಮ್ಯಾಚ್ ಆಡಿಸಿ ಮೂರನೇದಕ್ಕೆ ಬಿಟ್ಟರೆ ಅವನ ಎಲ್ಲಾ ಡೇಟಾವೂ ಕರ್ವ್‌ನ ಕೆಟ್ಟ ಭಾಗದಿಂದಲೇ ಬಂದಿರುತ್ತೆ. ಅಂಥವನ ಸರಾಸರಿ ಅವನ ನಿಜವಾದ ಶಕ್ತಿಗಿಂತ ಕಮ್ಮಿಯೇ ಕಾಣೋದು.

ಕಾರ್ಖಾನೆಯಲ್ಲಿ ಇದಕ್ಕೆ 'ಬರ್ನ್-ಇನ್' ಅಂತ ಉಪಾಯ ಮಾಡ್ತಾರೆ. ಗಿರಾಕಿಗೆ ಕೊಡೋ ಮುಂಚೆ ಯಂತ್ರವನ್ನ ತಾವೇ ಕೆಲವು ಗಂಟೆ ಓಡಿಸಿ ಮೊದಲ ಹಂತ ದಾಟಿಸ್ತಾರೆ. 2023ರಿಂದ ಕರುಣ್ ಮಾಡಿದ್ದೂ ಅದನ್ನೇ. ಎಲ್ಲಿ ಆಡೋಕೆ ಸಿಗುತ್ತೋ ಅಲ್ಲಿ, ಸಿಕ್ಕಷ್ಟು ದಿನ.

ಕರ್ನಾಟಕದಿಂದ ಎನ್‌ಒಸಿ ತಗೊಂಡು ವಿದರ್ಭಕ್ಕೆ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ನ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಿದರು. ಅಲ್ಲಿ ಸರ್ರೆ ವಿರುದ್ಧ 150 ಹೊಡೆದಿದ್ದು ಯಾವ ಮೈದಾನದಲ್ಲಿ ಗೊತ್ತಾ? ಅದೇ ಓವಲ್. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಹೋಗಿ ಗ್ಲಾಮರ್ಗನ್ ವಿರುದ್ಧ ಅಜೇಯ 202. 2024ರ ಮಹಾರಾಜ ಟ್ರೋಫಿಯಲ್ಲಿ ಮೈಸೂರು ವಾರಿಯರ್ಸ್ ನಾಯಕರಾಗಿ ಕಪ್ ಗೆದ್ದರು. (ನಮ್ಮ ಬಳ್ಳಾರಿ ಟಸ್ಕರ್ಸ್ ಕೆಪಿಎಲ್ ಕಾಲದ ತಂಡ, ಮಹಾರಾಜ ಟ್ರೋಫಿಯಲ್ಲಿ ನಮಗೆ ತಂಡ ಇಲ್ಲ. ನಮ್ಮ ಹುಡುಗರು ಅಲ್ಲೂ ಹೊರಗಿನ ಪ್ಲೇಯರ್‌ಗಳೇ.)

8 ಇನಿಂಗ್ಸ್, 2 ಫೇಲ್ಯೂರ್

2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭ ನಾಯಕ ಕರುಣ್ ಆಡಿದ ಇನಿಂಗ್ಸ್:

112*, 44*, 163*, 111*, 112, 122*, 88*, 27

ಒಟ್ಟು 779, ಔಟಾಗಿದ್ದು 2 ಸಲ, ಸರಾಸರಿ 389.5. ಐದನೇ ಇನಿಂಗ್ಸ್‌ನಲ್ಲಿ ಔಟಾಗೋ ಹೊತ್ತಿಗೆ ಸತತ 542 ರನ್ ಆಗಿತ್ತು. ಲಿಸ್ಟ್ ಎ ಕ್ರಿಕೆಟ್‌ನಲ್ಲಿ ಔಟಾಗದೆ ಅಷ್ಟು ರನ್ ಯಾರೂ ಹೊಡೆದಿರಲಿಲ್ಲ.

389.5 ಅನ್ನೋದನ್ನ ನಂಬಬೇಕಾ? ನಮ್ಮ ಸೂತ್ರ ಹಾಕ್ರಿ. r = 2, ಒಟ್ಟು ರನ್ 779. ಕೆಳಮಿತಿ 1558 ಭಾಗಿಸು 14.45, ಸುಮಾರು 108. ಮೇಲ್ಮಿತಿ 1558 ಭಾಗಿಸು 0.484, ಸುಮಾರು 3200. 389.5 ಅನ್ನೋ ಅಂಕಿಗೆ ಹೆಚ್ಚು ಬೆಲೆ ಇಲ್ಲ. ಆದರೆ ಕೆಳಮಿತಿ ನೋಡ್ರಿ, ಎಷ್ಟೇ ಅನುಮಾನ ಪಟ್ಟರೂ ನೂರಕ್ಕಿಂತ ಮೇಲೇ ಇದೆ. ಡೇಟಾ ಸಣ್ಣದಿದ್ದರೂ ಅಷ್ಟು ಗಟ್ಟಿಯಾಗಿದ್ದರೆ ಯಾರೂ ಕಣ್ಣುಮುಚ್ಚಿ ಕೂರೋಕಾಗಲ್ಲ.

ಫೈನಲ್ 2025ರ ಜನವರಿ 18ರಂದು ವಡೋದರಾದಲ್ಲಿ. ಎದುರಾಳಿ ಯಾರು? ಕರ್ನಾಟಕ. ಕರುಣ್ 27ಕ್ಕೆ ಪ್ರಸಿದ್ಧ್ ಕೃಷ್ಣ ಎಸೆತದಲ್ಲಿ ಬೌಲ್ಡ್. ಕರ್ನಾಟಕ 36 ರನ್‌ನಿಂದ ಗೆದ್ದಿತು. ಆದರೆ ರಣಜಿಯಲ್ಲಿ ಅದೇ ಋತುವಿನಲ್ಲಿ 863 ರನ್ ಹೊಡೆದು, ನಾಗಪುರದ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ಹೊಡೆದು, ವಿದರ್ಭಕ್ಕೆ ಮೂರನೇ ಪಟ್ಟ ತಂದುಕೊಟ್ಟರು. ಏಪ್ರಿಲ್ 13ರಂದು ಡೆಲ್ಲಿ ಪರ ಇಂಪ್ಯಾಕ್ಟ್ ಪ್ಲೇಯರ್ ಆಗಿ ಇಳಿದು ಮುಂಬಯಿ ವಿರುದ್ಧ 40 ಎಸೆತದಲ್ಲಿ 89. ಮೂರು ವರ್ಷದಲ್ಲಿ ಅದು ಅವರ ಮೊದಲ ಐಪಿಎಲ್ ಪಂದ್ಯ. ಬದಲಿ ಆಟಗಾರನಾಗಿ ಇಳಿದು ಹೊಡೆಯೋ ಮ್ಯಾಟ್ ಸ್ಟೇರ್ಸ್ ಕಸುಬು ಇದೇ.

ಕೇಳಿದ ಅವಕಾಶ ಸಿಕ್ಕಿದಾಗ

2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ, ಎಂಟು ವರ್ಷದ ಮೇಲೆ, ಮತ್ತೆ ಟೆಸ್ಟ್ ಆಡಿದರು. ಸಿನಿಮಾ ಆಗಿದ್ದರೆ ಇಲ್ಲಿ ಶತಕ ಬರಬೇಕಿತ್ತು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ನಾಲ್ಕು ಟೆಸ್ಟ್‌ಗಳ ಸ್ಕೋರ್:

0, 20, 31, 26, 40, 14, 57, 17

205 ರನ್, 8 ಔಟ್, ಸರಾಸರಿ 25.62. ಬಹಳಷ್ಟು ಸಲ ಶುರು ಸಿಕ್ಕಿತು, ದೊಡ್ಡದಾಗಲಿಲ್ಲ. ಮಧ್ಯದಲ್ಲಿ ಮ್ಯಾಂಚೆಸ್ಟರ್ ಟೆಸ್ಟ್‌ಗೆ ಕೈಬಿಟ್ಟರು. ಅಕ್ಟೋಬರ್‌ನ ವೆಸ್ಟ್ ಇಂಡೀಸ್ ಸರಣಿಗೆ ತಂಡದಲ್ಲಿ ಜಾಗ ಸಿಗಲಿಲ್ಲ, ಕರ್ನಾಟಕದ ದೇವದತ್ ಪಡಿಕ್ಕಲ್ ಬಂದರು.

ಮಿತಿ ಹಾಕಿದರೆ 13ರಿಂದ 59. 2017ರದ್ದು 29ರಿಂದ 170 ಇತ್ತು. ಎರಡೂ ಒಂದರ ಮೇಲೊಂದು ಬರ್ತವೆ. ಅಂದ್ರೆ ಆಗಿನ ಕರುಣ್ ಬೇರೆ, ಈಗಿನ ಕರುಣ್ ಬೇರೆ ಅಂತ ಡೇಟಾ ಖಚಿತವಾಗಿ ಹೇಳಲ್ಲ. ಒಂದೇ ಒಂದು 150 ಸೇರಿದ್ದರೂ 205 ಇದ್ದದ್ದು 355 ಆಗಿ, 9 ಔಟ್‌ಗೆ ಸರಾಸರಿ 39 ದಾಟ್ತಿತ್ತು. ಎಲ್ಲಾ ಸೇರಿ 10 ಟೆಸ್ಟ್, 579 ರನ್, 14 ಔಟ್, ಸರಾಸರಿ 41.36. 

ಆ 57 ಬಂದದ್ದು ಓವಲ್‌ನಲ್ಲಿ. 2018ರಲ್ಲಿ ಹೊರಗೆ ಕೂತಿದ್ದ, 2023ರಲ್ಲಿ ಕೌಂಟಿಗೆ 150 ಹೊಡೆದಿದ್ದ ಓವಲ್. ಭಾರತ ಮೊದಲ ಇನಿಂಗ್ಸ್‌ನಲ್ಲಿ 224ಕ್ಕೆ ಆಲೌಟ್, ಅದರಲ್ಲಿ ಅತಿ ಹೆಚ್ಚು ಕರುಣ್‌ದೇ. ಆ ಟೆಸ್ಟ್ ಭಾರತ ಗೆದ್ದದ್ದು 6 ರನ್‌ನಿಂದ, ಸರಣಿ 2-2. ಜನ ಮೊಹಮ್ಮದ್ ಸಿರಾಜ್ ಬೌಲಿಂಗ್ ನೆನಪಿಟ್ಟುಕೊಂಡರು, ಅದು ನ್ಯಾಯವೇ. ಆದರೆ ಆ 57ರಲ್ಲಿ 7 ರನ್ ಕಮ್ಮಿ ಆಗಿದ್ದರೆ ಅಂತರವೇ ಮಾಯ.

ನಂತರ 2025-26ಕ್ಕೆ ಅವರು ಕರ್ನಾಟಕಕ್ಕೆ ವಾಪಸ್ ಬಂದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174.

ನಮಗೇನು?

ಸಿರುಗುಪ್ಪದಿಂದಲೋ ಕುರುಗೋಡಿಂದಲೋ ಬೆಳಿಗ್ಗೆ ಬಸ್ ಹತ್ತಿ ಬರೋ ಹುಡುಗಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಮೊದಲ ಸೆಮ್‌ನಲ್ಲಿ ಎಲ್ಲಾ ಇಂಗ್ಲಿಷ್‌ನಲ್ಲಿ, ಎರಡು ಬ್ಯಾಕ್‌ಲಾಗ್. ಆ ಎಸ್‌ಜಿಪಿಎ ಎಲ್ಲಿಂದ ಬಂದ ಡೇಟಾ? ಬಾತ್‌ಟಬ್‌ನ ಎಡಗಡೆಯಿಂದ. ಅದನ್ನ ನೋಡಿ 'ನನ್ನ ಕೈಲಿ ಆಗಲ್ಲ' ಅಂತ ತೀರ್ಮಾನಿಸೋದು 4 ಮತ್ತು 13 ನೋಡಿ ಕರುಣ್‌ನ ಬಿಟ್ಟ ಹಾಗೆ. ಅದರ ಮುಂದಿನ ಇನಿಂಗ್ಸ್ 303.

ಪ್ಲೇಸ್‌ಮೆಂಟ್‌ನಲ್ಲಿ ಒಂದು ಆಪ್ಟಿಟ್ಯೂಡ್ ಟೆಸ್ಟ್, ಒಂದು ಇಂಟರ್‌ವ್ಯೂ. r = 1. ಅದರಿಂದ ಕಂಪನಿಗೆ ನಿಮ್ಮ ಬಗ್ಗೆ ತಿಳಿಯೋದು ಬಹಳ ಕಮ್ಮಿ. ನಿಮಗೆ ನಿಮ್ಮ ಬಗ್ಗೆ ತಿಳಿಯೋದೂ ಅಷ್ಟೇ ಕಮ್ಮಿ. ಆಯ್ಕೆ ಆದವರೂ ಇದನ್ನ ನೆನಪಿಡೋದು ಒಳ್ಳೇದು.

ಒಂದು ಎಚ್ಚರಿಕೆಯೂ ಬೇಕು. ಕರುಣ್ ಕಥೆ ನಮಗೆ ಗೊತ್ತಿರೋದು ಅವರು ವಾಪಸ್ ಬಂದರು ಅಂತ. ಎನ್‌ಒಸಿ ತಗೊಂಡು ಹೋಗಿ ಹೆಸರೇ ಕೇಳದಂತೆ ಆದವರು ಎಷ್ಟೋ ಮಂದಿ. ಉಳಿದವರನ್ನಷ್ಟೇ ಎಣಿಸೋ ಈ ತಪ್ಪಿಗೆ ಸರ್ವೈವರ್‌ಶಿಪ್ ಬಯಾಸ್ ಅಂತಾರೆ. ಹಾಗಾಗಿ 'ಪ್ರಯತ್ನಪಟ್ಟರೆ ಎಲ್ಲರೂ ಗೆಲ್ತಾರೆ' ಅನ್ನೋ ಪಾಠ ಇದರಿಂದ ಬರಲ್ಲ. ಬರೋದು ಇಷ್ಟು: ಆಡದೆ ಕೂತರೆ ಯಾವ ಅಂದಾಜೂ ಸಾಧ್ಯವಿಲ್ಲ. ದೊಡ್ಡ ತಂಡ ಕರೀದಿದ್ದರೆ ಸಣ್ಣ ತಂಡಕ್ಕೆ ಆಡಬೇಕು. ಬೆಂಗಳೂರಿನ ಇಂಟರ್ನ್‌ಶಿಪ್ ಸಿಗಲಿಲ್ಲವಾ, ಇಲ್ಲೇ ಬಳ್ಳಾರಿಯ ಜೀನ್ಸ್ ಯೂನಿಟ್‌ನ ಹೊಲಿಗೆ ಯಂತ್ರಗಳ ಬ್ರೇಕ್‌ಡೌನ್ ಲೆಕ್ಕ ಹಾಕಿಕೊಡ್ತೀನಿ ಅಂತ ಕೇಳ್ರಿ. ರೈಸ್ ಮಿಲ್‌ನ ಮೋಟಾರ್‌ಗೆ ಒಂದು ಸೆನ್ಸರ್ ಕೂರಿಸಿ ಒಂದು ಸುಗ್ಗಿ ಡೇಟಾ ತೆಗೀರಿ. ಅದು ನಿಮ್ಮ ನಾರ್ಥಾಂಪ್ಟನ್‌ಶೈರ್.

ಮಾಡಿ ನೋಡ್ರಿ

1. ನಿಮ್ಮ ಹಾಸ್ಟೆಲ್ ಲೀಗ್‌ನ ಟಾಪ್ ಬ್ಯಾಟರ್‌ನ ಸರಾಸರಿಗೆ 95 ಶೇಕಡಾ ಮಿತಿ ಹಾಕ್ರಿ. ಎರಡನೇ ಸ್ಥಾನದವನ ಮಿತಿಯ ಜೊತೆ ಹೋಲಿಸಿ. ಮೊದಲ ಸ್ಥಾನ ನಿಜವಾಗಿ ಖಚಿತವಾ?

2. ಅದೇ ಬ್ಯಾಟರ್‌ನ ಇನಿಂಗ್ಸ್‌ಗಳಲ್ಲಿ ಮೊದಲ 10 ರನ್ ಒಳಗೆ ಔಟಾದವು ಎಷ್ಟು, 10 ದಾಟಿದ ಮೇಲೆ 20ರ ಒಳಗೆ ಔಟಾದವು ಎಷ್ಟು ಎಣಿಸಿ. ಬಾತ್‌ಟಬ್ ಆಕಾರ ಕಾಣುತ್ತಾ?

3. ನಿಮ್ಮ ಸೆಮಿಸ್ಟರ್‌ಗಳ ಎಸ್‌ಜಿಪಿಎ ಒಂದು ಹಾಳೆ ಮೇಲೆ ಬರೀರಿ. ಮೊದಲ ಎರಡನ್ನ ಬರ್ನ್-ಇನ್ ಅಂತ ಬಿಟ್ಟು ಸರಾಸರಿ ತೆಗೀರಿ. ಕಂಪನಿಯವರು ಒಪ್ತಾರೋ ಇಲ್ಲವೋ, ಆ ಅಂಕಿ ನಿಮಗೆ ಗೊತ್ತಿರಲಿ.